ನೀರು ಹೆಚ್ಚಾಗಿದೆ

ಮೊನ್ನೆ ನಮ್ಮ ಲಗ್ಗೆರೆಯ ಹೊಸ ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ಹಿಡಿದು ನಿಂತಿದ್ದಾಗ ಹೆಂಡತಿಯಿಂದ ಸಂದೇಶ ಬಂತು: ‘ಉಪ್ಪು ಹೆಚ್ಚಾಗಿದೆ.’ ನಮ್ಮ ಮನೆಯ ಭಾಷೆ ಗೊತ್ತಿಲ್ಲದವರು ಇದನ್ನು ಓದಿದರೆ, ಅಯ್ಯೋ ಪಾಪ, ಸಾರಿಗೆ ಉಪ್ಪು ಜಾಸ್ತಿ ಬಿತ್ತೇನೋ ಎಂದು ಮರುಗಿಯಾರು. ಉಪ್ಪು ಮುಗಿದಿದೆ, ಮರೆಯದೆ ತನ್ನಿ ಎಂಬುದು ಅದರ ಅರ್ಥ. ಮರೆತು ಹೋದರೆ ಏನಾಗುತ್ತದೆ ಎಂಬುದು ಅರ್ಥದ ಒಳಗಿನ ಅರ್ಥ.

ಸಂಸಾರಸ್ಥರ ಮನೆಯಲ್ಲಿ ‘ಇಲ್ಲ’ ಎನ್ನಬಾರದು ಎಂದು ನಮ್ಮ ಅವ್ವನ ಕಟ್ಟಪ್ಪಣೆ. ಹಾಗಾಗಿ ನಮ್ಮಲ್ಲಿ ಬಳೆ ಒಡೆಯುವುದಿಲ್ಲ, ಹೆಚ್ಚಾಗುತ್ತದೆ. ಕುಂಕುಮ ಮುಗಿಯುವುದಿಲ್ಲ, ಹೆಚ್ಚಾಗುತ್ತದೆ. ದೀಪ ಆರುವುದಿಲ್ಲ, ದೊಡ್ಡದಾಗುತ್ತದೆ. ಇಷ್ಟು ನಿಮ್ಮ ಮನೆಗಳಲ್ಲೂ ಇದ್ದೀತು. ಆದರೆ ಅವ್ವ ಅಲ್ಲಿಗೆ ನಿಲ್ಲಿಸಿದವಳಲ್ಲ. ಅವಳ ಬಾಯಲ್ಲಿ ಗ್ಯಾಸ್ ಸಿಲಿಂಡರು ಹೆಚ್ಚಾಗುತ್ತದೆ, ಟಾರ್ಚಿನ ಸೆಲ್ಲು ಹೆಚ್ಚಾಗುತ್ತದೆ. ಒಮ್ಮೆ ಪೇಟೆಯ ಮಧ್ಯದಿಂದ ಯಾರದೋ ಫೋನಿನಲ್ಲಿ ಕರೆ ಮಾಡಿ, “ನನ್ ಫೋನ್ನಾಗೆ ಕರೆನ್ಸಿ ಎಚ್ಚಾಗ್ಬುಡ್ತು ಕಣ್ಲಾ” ಎಂದಿದ್ದಳು. ಫೋನು ಕೊಟ್ಟ ಪುಣ್ಯಾತ್ಮ ಇವಳನ್ನು ಭಾರಿ ಕುಳ ಎಂದುಕೊಂಡಿರಬೇಕು.

ಇರಲಿ, ಉಪ್ಪಿನ ವಿಷಯಕ್ಕೆ ಬರುತ್ತೇನೆ. ಉಪ್ಪಿನ ಕಪಾಟಿನ ಮುಂದೆ ನಿಂತು ನಾನು ಕಂಗಾಲಾದೆ. ಪುಡಿ ಉಪ್ಪು, ಕಲ್ಲುಪ್ಪು, ಕರಿ ಉಪ್ಪು, ಗುಲಾಬಿ ಬಣ್ಣದ ಉಪ್ಪು, ಹೃದಯಕ್ಕೆ ಒಳ್ಳೆಯ ಉಪ್ಪು, ಮೆದುಳಿಗೆ ಒಳ್ಳೆಯ ಉಪ್ಪು. ಉಪ್ಪಿಗೂ ಕುಲಗೋತ್ರ ಬಂದುಬಿಟ್ಟಿದೆ. ನಾನು ಚಿಕ್ಕವನಿದ್ದಾಗ ಹಳ್ಳಿಯಾಗಿದ್ದ ಇದೇ ಲಗ್ಗೆರೆಗೆಲ್ಲ ಒಂದೇ ಅಂಗಡಿ, ಅದರ ಜಗಲಿಯ ಮೇಲೆ ಒಂದೇ ಉಪ್ಪಿನ ಮೂಟೆ. ಅದು ಮಳೆಗಾಲದಲ್ಲಿ ತಾನೇ ಬೆವರುತ್ತಿತ್ತು. ಅಂಗಡಿಯವನು ರಾತ್ರಿ ಬೀಗ ಹಾಕಿಕೊಂಡು ಹೋದರೂ ಮೂಟೆ ಹೊರಗೇ ಇರುತ್ತಿತ್ತು. ಆಗ ಊರಿನಲ್ಲಿ ಇದ್ದ ಜನವನ್ನು ಈಗ ನಮ್ಮ ಬೀದಿಯ ಒಂದು ಕಟ್ಟಡದೊಳಗೆ ತುಂಬಬಹುದು, ಅಲ್ಲಿ ನಿಜಕ್ಕೂ ತುಂಬಿದ್ದಾರೆ ಕೂಡ. ಜನ ಹೆಚ್ಚಿದರೆ ಉಪ್ಪು ಕಡಿಮೆಯಾಗಬೇಕಿತ್ತಲ್ಲ? ಈ ಪ್ರಶ್ನೆ ನನ್ನನ್ನು ವೈಯಕ್ತಿಕವಾಗಿ ಬಹಳ ನೋಯಿಸಿದೆ. ಏಕೆಂದರೆ ನಾನು ಜನಸಂಖ್ಯೆಯ ವಿಷಯದಲ್ಲಿ ಸ್ವಲ್ಪ ತಿಳಿದವನು.

ತಿಳಿದವನು ಎಂದರೆ, ಓದಿ ತಿಳಿದವನಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳನ್ನು ಪಾಸು, ಫೇಲು ಮಾಡುವ ಕೆಲಸದಲ್ಲಿ ನಿವೃತ್ತಿಯವರೆಗೆ ಇದ್ದೆ. ದಿನವಿಡೀ ಬೋಲ್ಟುಗಳನ್ನು ಫೇಲು ಮಾಡುವವನಿಗೆ ಸಂಜೆ ಬಸ್ಸಿನಲ್ಲಿ ಮನುಷ್ಯರೂ ಹಾಗೇ ಕಾಣತೊಡಗುತ್ತಾರೆ. ಬಸ್ಸಿನಲ್ಲಿ ಸೀಟಿಲ್ಲವೇ? ಜನ ಜಾಸ್ತಿ. ಟೊಮೇಟೊ ತುಟ್ಟಿಯೇ? ಜನ ಜಾಸ್ತಿ. ಸೊಳ್ಳೆ ಜಾಸ್ತಿಯಾದರೂ ಜನ ಜಾಸ್ತಿ ಎನ್ನುತ್ತಿದ್ದೆ. ಕ್ಯಾಂಟೀನಿನಲ್ಲಿ ನಾನು ಬಾಯಿ ತೆರೆದ ಕೂಡಲೇ ಜೊತೆಯವರು, “ಶುರು ಆಯ್ತು ಗುರು ಇವರ ಜನಗಣತಿ” ಎಂದು ತಟ್ಟೆ ಎತ್ತಿಕೊಂಡು ಏಳುತ್ತಿದ್ದರು. ಹೀಗಾಗಿ ನನಗೆ ಮಾತ್ರ ಕ್ಯಾಂಟೀನಿನಲ್ಲಿ ಕೂರಲು ಯಾವಾಗಲೂ ಧಾರಾಳವಾಗಿ ಜಾಗವಿರುತ್ತಿತ್ತು.

ಈ ಗೀಳು ನನಗೆ ಹತ್ತಿದ್ದು ಶಾಲೆಯಲ್ಲಿ. ಮೇಷ್ಟ್ರು ಒಂದು ದಿನ ಕಪ್ಪುಹಲಗೆಯ ಮೇಲೆ ‘ಜನಸಂಖ್ಯಾ ಸ್ಫೋಟ’ ಎಂದು ಬರೆದರು. ಸ್ಫೋಟ ಎಂದರೆ ನನಗೆ ಗೊತ್ತಿದ್ದದ್ದು ಕಲ್ಲುಕ್ವಾರಿಯ ಸಿಡಿಮದ್ದು ಒಂದೇ. ಜನರೆಲ್ಲ ಢಮಾರನೆ ಮೇಲೆ ಹಾರಿ ಬೀಳುವುದನ್ನು ಕಲ್ಪಿಸಿಕೊಂಡು ಎಷ್ಟೋ ದಿನ ಹೆದರಿದ್ದೆ. ಆ ಹೆದರಿಕೆಯಲ್ಲೇ ‘ಚಿಕ್ಕ ಸಂಸಾರ’ ಎಂಬ ಪ್ರಬಂಧ ಬರೆದೆ. ಅದಕ್ಕೆ ಬಹುಮಾನ ಬಂತು, ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ. ಬಹುಮಾನ ಕೊಡುವ ದಿನ ಅವ್ವ ರಾಗಿ ಹೊಲದಿಂದ ನೇರ ಶಾಲೆಗೆ ಬಂದಿದ್ದಳು. ಕಂಕುಳಲ್ಲಿ ನನ್ನ ತಮ್ಮ, ಪಕ್ಕದಲ್ಲಿ ನನ್ನ ಅಕ್ಕ, ಹಿಂದೆ ಉಳಿದವರು. ನಾವು ಒಟ್ಟು ಏಳು ಮಕ್ಕಳು. ನಾನು ಆರನೆಯವನು.

“ಏನ್ಲಾ ಬರ್ದಿದ್ದೆ?” ಎಂದು ದಾರಿಯಲ್ಲಿ ಕೇಳಿದಳು.

“ಎರಡೇ ಮಕ್ಕಳು ಸಾಕು ಅಂತ.”

ಅವ್ವ ಸೋಪಿನ ಡಬ್ಬಿಯನ್ನು ತಿರುಗಿಸಿ ನೋಡಿದಳು. “ನಾನೂ ಅಂಗೇ ಅಂದಿದ್ರೆ ಇದನ್ನ ಈಸ್ಕೊಳ್ಳಾಕೆ ಯಾರ್ಲಾ ಬರೋರು?” ಎಂದಳು. ಪ್ರಬಂಧದಲ್ಲಿ ಇದಕ್ಕೆ ಉತ್ತರ ಬರೆದಿರಲಿಲ್ಲ.

ಆ ಸೋಪಿನ ಡಬ್ಬಿ ನಮ್ಮ ಮನೆಗೆ ಬಂದ ಮೊದಲ ಪ್ಲಾಸ್ಟಿಕ್ ವಸ್ತು. ಅದರಲ್ಲಿ ಸೋಪು ಇಟ್ಟರೆ ಹಾಳಾದೀತೆಂದು ಅಪ್ಪ ಅದನ್ನು ಗೂಡಿನಲ್ಲಿಟ್ಟು ಬಂದವರಿಗೆ ತೋರಿಸುತ್ತಿದ್ದ. ಮನೆಯಲ್ಲಿದ್ದದ್ದು ಒಂದೇ ಕುರ್ಚಿ, ಅದಕ್ಕೂ ಒಂದು ಕಾಲು ಮೋಟು. ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಆ ಮೋಟುಕಾಲಿನ ಕಡೆ ವಾಲದಂತೆ ಕೂತವನನ್ನೇ ಅಪ್ಪ ಒಳ್ಳೆಯ ಹುಡುಗ ಎಂದು ಒಪ್ಪಿಕೊಂಡ ಎಂದು ಮನೆಯಲ್ಲಿ ಈಗಲೂ ತಮಾಷೆ ಮಾಡುತ್ತಾರೆ. ಈಗ ನನ್ನ ಮಹಡಿಯ ಮೇಲೆ ಒಂದರೊಳಗೊಂದು ಕೂರಿಸಿದ ಪ್ಲಾಸ್ಟಿಕ್ ಕುರ್ಚಿಗಳ ಗೋಪುರವಿದೆ. ಖಾಲಿ ಪೇಂಟ್ ಡಬ್ಬಗಳಂತೂ ಕೇಳಲೇಬೇಡಿ. ಮೆಟ್ಟಿಲ ಕೆಳಗೆ, ಬಚ್ಚಲಲ್ಲಿ, ಟೆರೇಸಿನಲ್ಲಿ, ಎಲ್ಲೆಲ್ಲೂ ಅವೇ. ಎಸೆಯಲು ಹೋದರೆ ನನ್ನ ಹೆಂಡತಿ ಸರೋಜ, “ಒಳ್ಳೇ ಡಬ್ಬ ಕಣ್ರೀ, ಇರ್ಲಿ, ಬೇಕಾಗುತ್ತೆ” ಎನ್ನುತ್ತಾಳೆ. ಡಬ್ಬವೂ ಕುರ್ಚಿಯೂ ಉಪ್ಪೂ ಹೀಗೆ ಉಕ್ಕಿ ಹರಿಯುವಾಗ ನನ್ನ ಸಿದ್ಧಾಂತವನ್ನು ಕಾಪಾಡಿಕೊಂಡು ಬಂದದ್ದು ಒಂದೇ ಒಂದು, ನೀರು.

ಹೋದ ಬೇಸಿಗೆಯ ಮಾತು. ಅಪ್ಪನ ರಾಗಿ ಹೊಲದ ಒಂದು ತುಂಡಿನಲ್ಲಿ ನಿಂತಿರುವ ನಮ್ಮ ಕಟ್ಟಡದಲ್ಲಿ ಕೆಳಗೆ ನಾವು, ಮೇಲೆ ಬಾಡಿಗೆಯವರು. ಕೊಳವೆಬಾವಿ ಬುಸ್ ಬುಸ್ ಎಂದು ಗಾಳಿ ಬಿಡತೊಡಗಿ, ಒಂದು ಬೆಳಿಗ್ಗೆ ಅದನ್ನೂ ನಿಲ್ಲಿಸಿತು. ಟ್ಯಾಂಕರ್ ತರಿಸೋಣವೆಂದರೆ ಬೀದಿಯನ್ನು ಅಡ್ಡಡ್ಡ ಅಗೆದು ಹಾಕಿದ್ದರು. ಏಕೆ ಅಗೆದಿದ್ದರು? ನೀರಿನ ಹೊಸ ಪೈಪು ಹಾಕಲು. ನೀರು ಬರಲೆಂದು ತೋಡಿದ ಗುಂಡಿಯಿಂದಾಗಿ ನೀರಿನ ಗಾಡಿ ಮನೆಯವರೆಗೆ ಬರುವಂತಿರಲಿಲ್ಲ. ಜನ ಜಾಸ್ತಿ ಎಂದು ನಾನು ಗೇಟಿನ ಬಳಿ ನಿಂತು ಘೋಷಿಸಿದೆ. ಕೇಳುವವರು ಯಾರೂ ಇರಲಿಲ್ಲ, ಎಲ್ಲರೂ ಕೆಲಸಕ್ಕೆ ಹೋಗಿದ್ದರು.

ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಮಹಾದೇವಿ ಮತ್ತು ಅವಳ ಗಂಡ ಮಲ್ಲಪ್ಪ ಇದ್ದಾರೆ. ಸಿಂದಗಿ ಕಡೆಯವರು. ಅವನು ಕಟ್ಟಡಗಳಿಗೆ ಕಾಂಕ್ರೀಟ್ ಹಾಕುವ ಕೆಲಸಕ್ಕೆ ಹೋಗುತ್ತಾನೆ, ಅವಳು ರಾಜಗೋಪಾಲನಗರದ ಗಾರ್ಮೆಂಟ್ಸಿಗೆ. ಒಂದು ದಿನ ಕೆಲಸಕ್ಕೆ ಹೊರಟವಳು ಜಗಲಿಯಲ್ಲಿ ಕೂತಿದ್ದ ಅವ್ವನ ಹತ್ತಿರ ನಿಂತು ಏನೋ ಕೇಳಿದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಅವ್ವ ಏನೋ ಹೇಳಿದಳು. ಮಹಾದೇವಿ ಬಗ್ಗಿ ಅವಳ ಕಾಲು ಮುಟ್ಟಿ ಹೋದಳು. ನೀರಿಲ್ಲದ ಮನೆಯಲ್ಲಿ ಕಾಲು ಮುಟ್ಟಿಸಿಕೊಳ್ಳುವಂಥದ್ದು ಏನು ಹೇಳಿದಳಪ್ಪಾ ಎಂದುಕೊಂಡೆ, ಮರೆತೆ.

ಆ ವಾರವೇ ಎರಡು ಆಟೋ ಬಂದು ಗುಂಡಿಯ ಆಚೆ ನಿಂತವು. ಮೊದಲು ಇಳಿದದ್ದು ಜೋಳದ ಚೀಲ. ಆಮೇಲೆ ಮಹಾದೇವಿಯ ತಾಯಿ, ತಂಗಿ ರೇಣುಕಾ, ರೇಣುಕಾಳ ಗಂಡ, ಅತ್ತೆ, ಒಬ್ಬ ಮೈದುನ. ರೇಣುಕಾ ತುಂಬಿದ ಬಸುರಿ. ಗುಂಡಿಯ ಮೇಲಿನ ಹಲಗೆಯನ್ನು ಅವಳು ದಾಟುವಾಗ ಇಡೀ ಬೀದಿ ಉಸಿರು ಬಿಗಿಹಿಡಿದು ನೋಡಿತು. ನಾನು ಮಾತ್ರ ಉಸಿರು ಬಿಟ್ಟುಕೊಂಡು ಕೊಡಗಳ ಲೆಕ್ಕ ಹಾಕುತ್ತಿದ್ದೆ.

ಸರೋಜ ಒಳಗೆ ಕರೆದಳು. “ನೋಡಿ, ಇರೋರಿಗೇ ಸ್ನಾನಕ್ಕೆ ಒಂದೊಂದು ಬಕೆಟ್ ಕೊಡ್ತಿದೀವಿ. ಹೆರಿಗೆ ಆಗೋವರೆಗೂ ಇರ್ತಾರಂತೆ ಅಷ್ಟೂ ಜನ. ಆಗಲ್ಲ ಅಂತ ಹೇಳಿ ಬನ್ನಿ. ದಿನಾ ಊರಿಗೆಲ್ಲ ಭಾಷಣ ಮಾಡ್ತೀರಲ್ಲ, ಇವತ್ತೊಂದು ದಿನ ಉಪಯೋಗಕ್ಕೆ ಬರೋ ಹಾಗೆ ಮಾಡಿ.”

ನಾನು ಮೊದಲು ಅವ್ವನನ್ನು ವಿಚಾರಿಸಿದೆ. “ಆವತ್ತು ಮಹಾದೇವಿ ಏನವ್ವ ಕೇಳಿದ್ದು?”

“ತಂಗೀನ ಕರ್ಸ್ಕೊಳ್ಲಾ, ನೀರ್ಗೆ ತೊಂದ್ರೆ ಆಗಕಿಲ್ವಾ ಅಂದ್ಳು.”

“ನೀನೇನಂದೆ?”

“ಏನಂತಾರೆ? ನೀರು ಎಚ್ಚಾಗೈತೆ ಕಣವ್ವಾ ಅಂದೆ.”

ನಾನು ತಲೆ ಹಿಡಿದುಕೊಂಡೆ. ಬಳೆ, ಕುಂಕುಮದ ಮಾತಾಗಿದ್ದರೆ ಮಹಾದೇವಿಗೂ ತಿಳಿಯುತ್ತಿತ್ತು. ನೀರು ಹೆಚ್ಚಾಗಿದೆ ಎಂದರೆ ಲೋಕದಲ್ಲಿ ಯಾರಿಗಾದರೂ ಏನು ಅರ್ಥವಾಗುತ್ತದೋ ಅದೇ ಅವಳಿಗೂ ಅರ್ಥವಾಗಿತ್ತು. ನಮ್ಮ ಬಕೆಟ್ ಲೆಕ್ಕ ಬರೀ ಜಾಗ್ರತೆಗೆ, ನೆಲದಡಿಯ ಸಂಪಿನಲ್ಲಿ ನೀರಿದೆ ಎಂದುಕೊಂಡು ಅವತ್ತೇ ಊರಿಗೆ ಫೋನು ಮಾಡಿ, ಇಲ್ಲಿ ನೀರು ಬೇಕಾದಷ್ಟಿದೆ, ಹೊರಡಿ ಎಂದಿದ್ದಳು.

“ನೀರಿಲ್ಲ ಅಂತ ನೆಟ್ಟಗೆ ಹೇಳ್ಬಾರ್ದಿತ್ತಾ ಅವ್ವಾ?”

“ಬಸುರಿ ಬತ್ತೀನಿ ಅಂತವ್ಳೆ, ಇಲ್ಲ ಅಂತ ಬಾಯ್ ಬಿಟ್ಟು ಯೋಳಾಕಾಯ್ತದಾ? ನನ್ ಬಾಯಾಗೆ ಬರಕಿಲ್ಲಪ್ಪ. ನೀನು ಓದ್ದೋನು, ಬೇಕಾದ್ರೆ ನೀನೇ ಓಗಿ ಯೋಳು.”

ಮೆಟ್ಟಿಲು ಹತ್ತುತ್ತಾ ಮಾತುಗಳನ್ನು ಜೋಡಿಸಿಕೊಂಡೆ. ಭೂಮಿ ದೊಡ್ಡದಾಗುವುದಿಲ್ಲ, ಜನ ಬೆಳೆಯುತ್ತಾರೆ ಎಂದು ಪೀಠಿಕೆ. ಅಂತರ್ಜಲದ ಮೇಲೆ ಎರಡು ಮಾತು. ಕೊನೆಗೆ, ಅವ್ವ ಹೇಳಿದ್ದರ ನಿಜವಾದ ಅರ್ಥ. ಬಾಗಿಲಲ್ಲಿ ನಿಲ್ಲುವಷ್ಟರಲ್ಲಿ ಮಹಾದೇವಿ, “ಬರ್ರಿ ಸರ್, ಬರ್ರಿ, ಕುಂದರ್ರಿ” ಎಂದು ಎಳೆದುಕೊಂಡಳು. ತಟ್ಟೆಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಬಂತು. ಬಾಯಲ್ಲಿ ರೊಟ್ಟಿ ಇಟ್ಟುಕೊಂಡು ಅಂತರ್ಜಲದ ವಿಷಯ ಎತ್ತುವುದು ಕಷ್ಟ.

“ನಿಮ್ಮ ಅವ್ವಾರ ಮನಸ್ಸು ದೊಡ್ಡದ್ರಿ,” ಎಂದಳು ಮಹಾದೇವಿ. “ನಾ ಅಂಜಿಕೋತ ಕೇಳಿದ್ನಿ. ನೀರ ಹೆಚ್ಚಾಗೈತಿ ಅಂದ್ಬಿಟ್ರು. ಇಂಥಾ ಬ್ಯಾಸಿಗ್ಯಾಗ ಹಂಗ ಅನ್ನಾವ್ರು ಯಾರ ಅದಾರ ಹೇಳ್ರಿ?”

ಇದೇ ಸಮಯವೆಂದು ಗಂಟಲು ಸರಿ ಮಾಡಿಕೊಂಡೆ. ರೇಣುಕಾ ಹೊರಗಿನ ಮೊಗಸಾಲೆಯಲ್ಲಿ ನಮ್ಮದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ಎಲ್ಲರೂ ಒಳಗಿದ್ದರೆ ಅವಳೊಬ್ಬಳು ಬಿಸಿಲಿಗೆ ಮುಖ ಮಾಡಿಕೊಂಡು ಕೂತದ್ದು ನೋಡಿ, “ಒಳಗೆ ಕೂತ್ಕೋಬಾರ್ದೇನಮ್ಮ?” ಎಂದೆ.

“ಇಲ್ಲಿಂದ ದವಾಖಾನಿ ಬೋರ್ಡ್ ಕಾಣತೈತ್ರಿ,” ಎಂದಳು. ನಿಜ, ಎರಡು ಬೀದಿ ಆಚೆಯ ಆಸ್ಪತ್ರೆಯ ಕೆಂಪು ಗುರುತು ಮನೆಗಳ ಮೇಲಿಂದ ಕಾಣುತ್ತಿತ್ತು. “ಹೋದ ಸಲ ದವಾಖಾನಿ ಮುಟ್ಟೂದ್ರೊಳಗ ಗಾಡ್ಯಾಗ ಕೂಸು ಹೋತ್ರಿ. ದಾರಿ ಭಾಳ ದೂರ ಇತ್ತು. ಅದಕ್ಕ ಈ ಸಲ ದವಾಖಾನಿ ಕಣ್ಣಿಗೆ ಕಾಣೂ ಜಾಗಾದಾಗ ಇರ್ತೀನಿ ಅಂತ ಹಟಾ ಹಿಡದೀನ್ರಿ.”

ನನ್ನ ಪೀಠಿಕೆ, ಅಂತರ್ಜಲ ಎಲ್ಲ ರೊಟ್ಟಿಯ ಜೊತೆ ಒಳಗೆ ಹೋಯಿತು. ಭೂಮಿಯ ಮೇಲೆ ಜನ ಜಾಸ್ತಿಯಾದರು ಎಂದು ಜೀವಮಾನವೆಲ್ಲ ಹೇಳಿದವನಿಗೆ, ಅವಳ ಲೆಕ್ಕದಲ್ಲಿ ಒಬ್ಬರು ಕಡಿಮೆ ಇದ್ದದ್ದು ಗೊತ್ತಾಗಿ ಬಹಳ ಸಂಕಟವಾಯಿತು. ಚಟ್ನಿ ಚೆನ್ನಾಗಿದೆ ಎಂದು ಹೇಳಿ ಇಳಿದು ಬಂದೆ.

“ಹೇಳಿದ್ರಾ?” ಎಂದಳು ಸರೋಜ, ಹುರುಳಿಕಾಯಿ ಬಿಡಿಸುತ್ತಾ.

“ಹೇಳೋಕೆ ಹೋದೆ. ಅವರು ಹೇಳಿದ್ದನ್ನ ಕೇಳ್ಕೊಂಡು ಬಂದೆ.” ರೇಣುಕಾಳ ಮಾತನ್ನು ಹಾಗೇ ಒಪ್ಪಿಸಿದೆ. ಸರೋಜಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಕಾಯಿ ಮುರಿಯುತ್ತಾ, “ಅದೆಲ್ಲ ಸರಿ. ಆದ್ರೆ ನೀರು ಎಲ್ಲಿಂದ ತರ್ತೀರಿ?” ಎಂದಳು. ಎರಡು ದಿನ ನೋಡೋಣ, ಆಗದಿದ್ದರೆ ತಾನೇ ಹೇಳುತ್ತೇನೆ ಎಂದು ಅವಳು ತೀರ್ಮಾನ ಕೊಟ್ಟಳು.

ಮಾರನೆಯ ಬೆಳಿಗ್ಗೆ ಟ್ಯಾಂಕರ್ ಬಂದು ಬೀದಿಯ ತುದಿಯ ಮೆಡಿಕಲ್ ಅಂಗಡಿಯ ಮುಂದೆ ನಿಂತಿತು. “ಸಾರ್, ಗಾಡಿ ಒಳಗೆ ಬರಲ್ಲ, ಪೈಪು ಅಷ್ಟುದ್ದ ಮುಟ್ಟಲ್ಲ. ಬೇಗ ಹಿಡ್ಕೊಳ್ಳಿ ಗುರು, ಇನ್ನೂ ಬೇರೆ ಟ್ರಿಪ್ ಇದೆ” ಎಂದ ಡ್ರೈವರು. ಒಂದೇ ಉಸಿರಿನಲ್ಲಿ ನನ್ನನ್ನು ಸಾರ್‌ನಿಂದ ಗುರುವಿಗೆ ಇಳಿಸಿದ. ಹಿಂದಿನ ವಾರ ಹೀಗೇ ಬಂದಾಗ ನಾನೂ ಸರೋಜಳೂ ಕೊಡ ಹೊತ್ತು ಹೊತ್ತು, ಹಲಗೆಯ ಮೇಲೆ ಚೆಲ್ಲಿ, ಸೊಂಟ ಹಿಡಿದು ಕೂತು, ಅರ್ಧಕ್ಕಿಂತ ಹೆಚ್ಚು ನೀರನ್ನು ಬೇರೆ ಬೀದಿಗೆ ಬಿಟ್ಟುಕೊಟ್ಟಿದ್ದೆವು.

ನಾನು ಒಂದು ಕೊಡ ಎತ್ತುವಷ್ಟರಲ್ಲಿ ಮಲ್ಲಪ್ಪ ಮೇಲಿಂದ ಕೂಗಿದ: “ತಡೀರಿ ಸರ್! ಸಾಲಾಗಿ ನಿಂದ್ರೂಣು!” ಕಾಂಕ್ರೀಟ್ ಹಾಕುವವರು ಮಿಕ್ಸರಿನಿಂದ ತಾರಸಿಯವರೆಗೆ ನಿಂತು ಬಾಣಲೆಯನ್ನು ಕೈಯಿಂದ ಕೈಗೆ ಸಾಗಿಸುವುದನ್ನು ನೀವು ನೋಡಿರಬಹುದು. ಹಾಗೆ ಟ್ಯಾಂಕರಿನಿಂದ ನಮ್ಮ ಸಂಪಿನವರೆಗೆ ಸಾಲು ನಿಂತಿತು. ಮಲ್ಲಪ್ಪ, ರೇಣುಕಾಳ ಗಂಡ, ಮೈದುನ, ಆ ಇಬ್ಬರು ಮುದುಕಿಯರು, ಮಹಾದೇವಿ. ಸಾಲು ನೋಡಿ ಮೊದಲ ಮಹಡಿಯ ಬಾಡಿಗೆಯ ಒಡಿಶಾದ ಹುಡುಗರು ಬನಿಯನ್ನಿನಲ್ಲೇ ಬಂದು ಸೇರಿದರು. ಪೇಂಟ್ ಡಬ್ಬಗಳು ಮೆಟ್ಟಿಲ ಕೆಳಗಿನಿಂದ, ಟೆರೇಸಿನಿಂದ ಉರುಳುರುಳಿ ಬಂದವು. ಸರೋಜ ನನ್ನ ಕಡೆ ಒಂದು ನೋಟ ಬೀರಿದಳು, ‘ಬೇಕಾಗುತ್ತೆ ಅಂದಿರಲಿಲ್ವಾ’ ಎನ್ನುವಂಥದ್ದು.

“ಹಿಡಿ, ಬಿಡು, ಹಿಡಿ, ಬಿಡು” ಎಂದು ಮಲ್ಲಪ್ಪ ತಾಳ ಹಾಕಿದ. ನನ್ನ ಎಡಕ್ಕೆ ರೇಣುಕಾಳ ಅತ್ತೆ, ಬಲಕ್ಕೆ ನನ್ನ ಭಾಷೆ ಬಾರದ ಒಬ್ಬ ಹುಡುಗ. ನಾನು ತಡವರಿಸಿದಾಗಲೆಲ್ಲ ಆ ಮುದುಕಿ, “ಲಗೂ ಹಿಡೀರಿ ಯಜಮಾನ್ರ, ನಿದ್ದಿ ಬಂತೇನು?” ಎನ್ನುತ್ತಿದ್ದಳು. ನಮ್ಮ ಸಂಪು ತುಂಬಿ, ಉಳಿದದ್ದು ಪಕ್ಕದ ಮನೆಯ ಡ್ರಮ್ಮಿಗೂ ಹೋಯಿತು. ಊಟಕ್ಕೆ ಕೂತಾಗ ಜನರ ಬಾಯಿ ಕಾಣುತ್ತದೆ, ಸಾಲಿನಲ್ಲಿ ನಿಂತಾಗ ಕೈ ಕಾಣುತ್ತದೆ ಎಂದು ನನಗೊಂದು ಹೊಸ ವಿಚಾರ ಹೊಳೆಯಿತು. ಸರೋಜಳಿಗೆ ಹೇಳಲು ಹೋದರೆ ಅವಳು ಒದ್ದೆ ಸೆರಗು ಹಿಂಡಿಕೊಳ್ಳುತ್ತಾ ಒಳಗೆ ಹೋಗಿಬಿಟ್ಟಳು. ಮೇಲೆ ಹೋಗಿ ಹೇಳುವ ವಿಷಯವನ್ನು ಮಾತ್ರ ಅವಳು ಆ ದಿನವೂ ಎತ್ತಲಿಲ್ಲ, ಮರುದಿನವೂ ಎತ್ತಲಿಲ್ಲ.

ನಾನು ಪೂರ್ತಿ ಬದಲಾದೆ ಎಂದುಕೊಳ್ಳಬೇಡಿ, ಈ ವಯಸ್ಸಿನಲ್ಲಿ ಅಷ್ಟು ಬೇಗ ಯಾರೂ ಬದಲಾಗುವುದಿಲ್ಲ. ಎಷ್ಟು ಕೈ ಸೇರಿ ತುಂಬಿದರೂ ಸಂಪು ಅದೇ ಸಂಪು, ಟ್ಯಾಂಕರ್ ಮತ್ತೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ರೇಣುಕಾಳನ್ನು ಆಸ್ಪತ್ರೆಗೆ ಸೇರಿಸಿದರು. ಹೆರಿಗೆಯಾಯಿತು, ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದು ಮಹಾದೇವಿ ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡು ಬಂದಳು. ನನಗೆ ನಿಜವಾಗಿ ಸಂತೋಷವಾಯಿತು. ಅವರು ಮನೆಗೆ ಬರುವ ದಿನ ಆಟೋ ಗುಂಡಿಯ ಆಚೆ ನಿಂತಾಗ, ಮಲ್ಲಪ್ಪ ಒಂದು ಕಡೆ, ನಾನೊಂದು ಕಡೆ ಹಿಡಿದು ರೇಣುಕಾಳನ್ನು ಹಲಗೆ ದಾಟಿಸಿದೆವು. ಮಗು ಅವಳ ಅತ್ತೆಯ ತೋಳಿನಲ್ಲಿ ಬಿಸಿಲಿಗೆ ಕಣ್ಣು ಮುಚ್ಚಿಕೊಂಡು ದಾಟಿತು. ಅವ್ವ ಬಾಗಿಲಲ್ಲಿ ನಿಂತು ದೃಷ್ಟಿ ತೆಗೆದಳು.

ಅವರು ಮೆಟ್ಟಿಲು ಹತ್ತಿದ ಮೇಲೆ ನಾನು ಮೆಲ್ಲಗೆ ಸಂಪಿನ ಮುಚ್ಚಳ ಸರಿಸಿ, ಒಳಗೆ ಒಂದು ಕೋಲು ಇಳಿಸಿದೆ. ಎಲ್ಲಿಯವರೆಗೆ ಒದ್ದೆಯಾಗಿದೆ, ಇನ್ನೆಷ್ಟು ದಿನ ಬಂದೀತು ಎಂದು ನೋಡುತ್ತಿರುವಾಗ ಹಿಂದಿನಿಂದ ಸರೋಜಳ ದನಿ ಕೇಳಿಸಿತು.

“ಅಟ್ಟದ ಮೇಲಿಂದ ಆ ತಾಮ್ರದ ಹಂಡೆ ಇಳಿಸಿ ಕೊಡ್ರೀ. ಹಿತ್ತಲಲ್ಲಿ ಒಲೆ ಹಾಕ್ಬೇಕು.”

“ಹಂಡೆ ಯಾಕೆ?”

“ಬಾಣಂತಿಗೆ ನೀರು ಹಾಕೋಕೆ. ಇನ್ಯಾಕೆ?”

ಬಾಣಂತಿಯ ಸ್ನಾನವೆಂದರೆ ಹಂಡೆಗಟ್ಟಲೆ ಬಿಸಿನೀರು, ಅದೂ ದಿನಾ. ನಾನು ಕೋಲಿನ ತುದಿಯ ಒದ್ದೆಯನ್ನು ಅವಳಿಗೆ ತೋರಿಸಿದೆ. “ಸರೋಜ, ಇಷ್ಟೇ ಇರೋದು. ಎರಡು ಬಕೆಟ್‌ನಲ್ಲಿ ಮುಗಿಸೋಕೆ ಆಗಲ್ವಾ?” ಎಂದೆ.

ಸರೋಜ ಏನೋ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲು ಜಗಲಿಯಿಂದ ಅವ್ವನ ಮಾತು ಬಂತು. ಜೋರಾಗಿ ಹೇಳಲಿಲ್ಲ.

“ನಿನ್ನ ಎತ್ತಾಗ ಬಾವಿ ತಳ ಕಾಣ್ತಿತ್ತು ಕಣ್ಲಾ. ನಮ್ಮತ್ತೆ ಇದೇ ಅಂಡೇಲಿ ದಿನಾ ನೀರು ಉಯ್ದ್ರು, ನಿಂಗೂ ನಂಗೂ. ಯಾರೂ ಬಾವೀಗೆ ಕೋಲು ಇಳಿಸ್ಲಿಲ್ಲ.”

ನಾನು ಕೋಲನ್ನು ಗೋಡೆಗೆ ಒರಗಿಸಿ, ಏಣಿ ತರಲು ಹೋದೆ.